ಕೊಂಬೆಯೋ, ಕೊಂಬೋ? ಹಕ್ಕಿ ಫೋಟೋ ತೆಗೆಯೋದು, ತೋರಿಸೋದು, ಮತ್ತೆ ಹೋಗಿ ತೆಗೆಯೋದು

ಒಂದು ಚಳಿಗಾಲದ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಹಾವಕ್ಕಿಯ (ಡಾರ್ಟರ್) ಫೋಟೋ ತೆಗೆದೆ. ನೀರಿನಿಂದ ಎದ್ದು ಬಂದು ಒಣಕೊಂಬೆಯ ಮೇಲೆ ಕೂತಿತ್ತು. ಎರಡೂ ರೆಕ್ಕೆ ಬಿಚ್ಚಿ, ಹಗ್ಗದ ಮೇಲೆ ಬಟ್ಟೆ ಹರವಿದ ಹಾಗೆ. ನಲವತ್ತು ಫೋಟೋ ಹೊಡೆದೆ. ಸಂಜೆ ನಮ್ಮ ಬೀದಿಯ ಡ್ರಾಯಿಂಗ್ ಮೇಷ್ಟ್ರಿಗೆ ತೋರಿಸಿದೆ. ರಿಟೈರ್ ಆಗಿ ಬಹಳ ವರ್ಷ ಆಗಿದೆ, ಕ್ಯಾಮೆರಾ ಮುಟ್ಟಿದವರಲ್ಲ. ಕನ್ನಡಕ ಹಣೆಗೆ ಏರಿಸಿ ಹತ್ತಿರದಿಂದ ನೋಡಿದರು.

"ಏನಪ್ಪಾ, ನಿನ್ನ ಹಕ್ಕಿಗೆ ಕೊಂಬು ಬಂದಿದೆಯಲ್ಲ!"

"ಕೊಂಬಲ್ಲ ಮೇಷ್ಟ್ರೇ, ಕೊಂಬೆ. ಹಿಂದಿನ ಮರದ್ದು."

"ಅಲ್ಲಿದ್ದವನು ನೀನು, ನಿನಗೆ ಅದು ಕೊಂಬೆ. ನನಗೆ ಕೊಂಬು."

ಮತ್ತೆ ನೋಡಿದೆ. ಹೌದು, ಹಕ್ಕಿಯ ತಲೆಯಿಂದಲೇ ಚಿಗುರಿದ ಹಾಗೆ ಒಂದು ಕಡ್ಡಿ ಮೇಲಕ್ಕೆ ಹೋಗಿತ್ತು. ನಲವತ್ತು ಫೋಟೋದಲ್ಲೂ. ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ.

ಹಕ್ಕಿ ಫೋಟೋದ ತೊಂದರೆಯೇ ಇದು. ತೆಗೆದವನಿಗೆ ಫೋಟೋ ಜೊತೆಗೆ ಆ ಬೆಳಿಗ್ಗೆಯ ಚಳಿ, ಕಾದ ಹೊತ್ತು, ಹಕ್ಕಿ ಸಿಕ್ಕ ಖುಷಿ ಎಲ್ಲ ಕಾಣಿಸುತ್ತದೆ. ನೋಡುವವರಿಗೆ ಬರೀ ಫೋಟೋ ಕಾಣಿಸುತ್ತದೆ. ಹಾಗಾಗಿ ಈ ಲೇಖನದಲ್ಲಿ ಅರ್ಧ ಮಾತ್ರ ಕ್ಯಾಮೆರಾ ಬಗ್ಗೆ. ಇನ್ನರ್ಧ, ತೆಗೆದದ್ದನ್ನು ಯಾರಿಗೆ ತೋರಿಸಬೇಕು, ಏನು ಕೇಳಬೇಕು, ಕೇಳಿದ ಮೇಲೆ ಏನು ಮಾಡಬೇಕು ಅನ್ನೋದರ ಬಗ್ಗೆ.

ಮೊದಲು ಒಂದು ಜಾಗ, ಒಂದು ಹಕ್ಕಿ

ಹೊಸದಾಗಿ ಕ್ಯಾಮೆರಾ ತಗೊಂಡವರು ದಾಂಡೇಲಿಗೋ ಗಣೇಶಗುಡಿಗೋ ಹೊರಡುತ್ತಾರೆ. ತಪ್ಪೇನಿಲ್ಲ, ಮಂಗಟ್ಟೆ (ಹಾರ್ನ್‌ಬಿಲ್) ನೋಡಿದ ಖುಷಿಯಂತೂ ಸಿಗುತ್ತದೆ. ಆದರೆ ಕಲಿಯೋದಕ್ಕೆ ಆ ಜಾಗ ಬೇಡ. ಅಲ್ಲಿ ತಪ್ಪಾದರೆ ಮತ್ತೆ ಹೋಗಿ ತಿದ್ದಿಕೊಳ್ಳಲು ಆರು ತಿಂಗಳು ಕಾಯಬೇಕು. ಮನೆಯಿಂದ ಹದಿನೈದು ನಿಮಿಷದಲ್ಲಿ ತಲುಪುವ ಕೆರೆ, ಪಾರ್ಕು, ಗದ್ದೆ ಬಯಲು ಯಾವುದಾದರೂ ಒಂದನ್ನು ಹಿಡಿಯಿರಿ. ವಾರಕ್ಕೊಮ್ಮೆ ಹೋಗಲು ಆಗಬೇಕು, ಅಷ್ಟೇ.

ಅಲ್ಲಿ ನಿಧಾನವಾದ ಒಂದು ಹಕ್ಕಿ ಆರಿಸಿಕೊಳ್ಳಿ. ಬೆಳ್ಳಕ್ಕಿ, ನೀರುಕಾಗೆ, ಟಿಟ್ಟಿಭ, ಕರೆಂಟು ತಂತಿಯ ಮೇಲೆ ಕೂರುವ ಕಾಜಾಣ, ತೋಟದ ಮಡಿವಾಳ ಹಕ್ಕಿ, ಯಾವುದಾದರೂ ಆದೀತು. ಹಾವಕ್ಕಿಯಂತೂ ಕಲಿಯುವವರಿಗೆ ಹೇಳಿ ಮಾಡಿಸಿದ ಹಕ್ಕಿ. ಅದರ ಗರಿಗಳು ನೀರು ಹೀರಿಕೊಳ್ಳುತ್ತವೆ. ಅದಕ್ಕೇ ಅದು ದೇಹ ಪೂರ್ತಿ ಮುಳುಗಿಸಿ, ಹಾವಿನ ಹಾಗೆ ಕುತ್ತಿಗೆ ಮಾತ್ರ ಮೇಲಿಟ್ಟು ಈಜುತ್ತದೆ. ಮೀನು ಹಿಡಿದ ಮೇಲೆ ಹೊರಗೆ ಬಂದು ರೆಕ್ಕೆ ಹರವಿ ಒಣಗಿಸಿಕೊಳ್ಳಲೇ ಬೇಕು. ಅಷ್ಟು ಹೊತ್ತು ನಿಮ್ಮ ಮುಂದೆ ಕೂತಿರುತ್ತದೆ. ನಾಳೆಯೂ ಹೆಚ್ಚುಕಮ್ಮಿ ಅದೇ ಕೊಂಬೆಗೆ ಬರುತ್ತದೆ.

ಮೊದಲ ಎರಡು ಸಲ ಸುಮ್ನೆ ನೋಡಿ. ಎಲ್ಲಿ ಕೂರುತ್ತದೆ, ಯಾವ ಕಡೆ ಮುಖ ಮಾಡುತ್ತದೆ, ಹಾರುವ ಮೊದಲು ಏನು ಮಾಡುತ್ತದೆ. ಬಹಳ ಹಕ್ಕಿಗಳು ಹಾರುವ ಕ್ಷಣದ ಮೊದಲು ಹಿಕ್ಕೆ ಹಾಕುತ್ತವೆ. ನಗಬೇಡಿ, ಹಾರುವ ಫೋಟೋ ಬೇಕಾದವರಿಗೆ ಇದಕ್ಕಿಂತ ಒಳ್ಳೇ ಸೂಚನೆ ಇಲ್ಲ.

ಇರೋ ಕ್ಯಾಮೆರಾ ಸಾಕಾ?

ಸಾಕು. 70-300 ಮಿ.ಮೀ. ಲೆನ್ಸಿನ ಹಳೇ ಡಿಎಸ್‌ಎಲ್‌ಆರ್ ಇದ್ದರೂ ಆದೀತು, ಲಾಂಗ್ ಜೂಮ್ ಕ್ಯಾಮೆರಾ ಇದ್ದರೂ ಆದೀತು. 150-600 ಲೆನ್ಸು ಒಳ್ಳೇದೇ. ಆದರೆ ಎರಡು ಕೆ.ಜಿ. ತೂಗುವ ಅದನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ನಿಲ್ಲೋದು ಬೇರೆಯದೇ ಕಥೆ. ಲೆನ್ಸಿನ ಮುಂದೆ ಅಗ್ಗದ ಫಿಲ್ಟರ್ ಹಾಕಿದ್ದರೆ ಇವತ್ತೇ ತೆಗೆದಿಡಿ. ಕಾರಿನ ಕಿಟಕಿಯಿಂದ ತೆಗೆಯೋದಾದರೆ ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಒಳಗೆ ರಾಗಿ ತುಂಬಿ, ಎರಡೂ ಬದಿ ಹೊಲಿದರೆ ಒಳ್ಳೇ ದಿಂಬು ಆಗುತ್ತದೆ. ಲೆನ್ಸು ಅದರ ಮೇಲೆ ಅಲ್ಲಾಡದೆ ಕೂರುತ್ತದೆ.

ಮನೆ ಬಿಡುವ ಮೊದಲೇ ಸೆಟ್ಟಿಂಗ್

ಹಕ್ಕಿ ಮುಂದೆ ಕೂತಾಗ ಮೆನು ಹುಡುಕೋದು ಬೇಡ. ರಾತ್ರಿಯೇ ಮಾಡಿಡಿ. ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿರಲಿ, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮಾತ್ರ ಆಟೋದಲ್ಲಿರಲಿ. ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಲೆನ್ಸು ಕೊಡುವಷ್ಟು ದೊಡ್ಡದು, ಎಫ್ 5.6 ಅಥವಾ 6.3. ಕೂತ ಹಕ್ಕಿಗೆ ಶಟರ್ (ಆ ಕಿಂಡಿಯಿಂದ ಬೆಳಕು ಬೀಳುವ ಹೊತ್ತು) 1/500ರಿಂದ 1/1000 ಸೆಕೆಂಡು. ದೊಡ್ಡ ಹಕ್ಕಿ ಹಾರುವಾಗ 1/2000. ಕಳ್ಳಿಪೀರ, ಮಿಂಚುಳ್ಳಿಯಂಥವು ಹಾರುವಾಗ 1/3200 ಆದರೂ ಬೇಕು. ಫೋಕಸ್ ನಿರಂತರ ಹಿಂಬಾಲಿಸುವ ಮೋಡಿನಲ್ಲಿರಲಿ. ನಿಕಾನ್, ಸೋನಿಯಲ್ಲಿ ಅದನ್ನು ಎಎಫ್-ಸಿ ಅಂತಾರೆ, ಕ್ಯಾನನ್‌ನಲ್ಲಿ ಸರ್ವೋ. ಕಣ್ಣನ್ನು ತಾನೇ ಹುಡುಕುವ ಹೊಸ ಕ್ಯಾಮೆರಾ ಇದ್ದರೆ ನೀವು ಪುಣ್ಯವಂತರು. ಇಲ್ಲದಿದ್ದರೆ ಒಂದೇ ಒಂದು ಫೋಕಸ್ ಚುಕ್ಕೆ ಇಟ್ಟುಕೊಂಡು ಹಕ್ಕಿಯ ಕಣ್ಣಿನ ಮೇಲೆ ಕೂರಿಸಿ. ರೆಕ್ಕೆ ಮಸುಕಾದರೂ ನಡೆಯುತ್ತದೆ, ಕಣ್ಣು ಮಸುಕಾದರೆ ಫೋಟೋ ಹೋಯ್ತು.

ಐಎಸ್‌ಓ 3200 ಆಯ್ತು ಅಂತ ಹೆದರಬೇಡಿ. ಕಾಳುಕಾಳಾದ ಫೋಟೋವನ್ನು ಮನೆಯಲ್ಲಿ ಸ್ವಲ್ಪ ನುಣ್ಣಗೆ ಮಾಡಬಹುದು. ಕೈ ಅಲ್ಲಾಡಿ ಕದಡಿದ್ದನ್ನು ಯಾರೂ ಸರಿ ಮಾಡಲಾರರು. ಕ್ಯಾಮೆರಾ ಕೊಡುವುದಾದರೆ ಫೈಲ್ ರಾ (ಹಿಂಡದ ಮೂಲ ಫೈಲ್) ಆಗಿರಲಿ, ಕಾರ್ಡು ಬೇಗ ತುಂಬಿದರೆ ತುಂಬಲಿ.

ಬೆಳ್ಳಕ್ಕಿ ಸುಣ್ಣದ ಗೋಡೆ ಆಗದಿರಲು

ನನ್ನ ಮೊದಲ ವರ್ಷದ ಬೆಳ್ಳಕ್ಕಿಗಳೆಲ್ಲ ಸುಣ್ಣ ಬಳಿದ ಹಾಗಿವೆ. ಒಂದು ಗರಿಯೂ ಬಿಡಿಯಾಗಿ ಕಾಣದು. ಕಾರಣ ಸರಳ. ಕ್ಯಾಮೆರಾದ ಬೆಳಕು ಅಳೆಯುವ ಮೀಟರಿಗೆ ಎದುರಿಗಿರೋದು ಬಿಳಿಯೋ ಕಪ್ಪೋ ಗೊತ್ತಿಲ್ಲ. ಎಲ್ಲವನ್ನೂ ಸರಾಸರಿ ಬೂದು ಬಣ್ಣಕ್ಕೆ ತರೋದು ಅದರ ಕೆಲಸ. ಕಪ್ಪು ನೀರಿನ ಮಧ್ಯೆ ಚಿಕ್ಕದಾಗಿ ಬೆಳ್ಳಕ್ಕಿ ಇದ್ದರೆ, ಅದು ನೀರನ್ನು ನೋಡಿ "ಕತ್ತಲೆ" ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಬಿಳಿ ಸುಟ್ಟುಹೋಗುತ್ತದೆ. ಆಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರಿನ ಲೆಕ್ಕವನ್ನು ನಾವು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಅನ್ನು ಮೈನಸ್ 0.7, ಬೇಕಾದರೆ ಮೈನಸ್ 1ಕ್ಕೆ ಇಳಿಸಿ. ಕಾಜಾಣ ಬೆಳಗೋ ಆಕಾಶದ ಎದುರು ಕೂತಿದ್ದರೆ ತಿರುಗಾಮುರುಗಾ: ಪ್ಲಸ್ 1ಕ್ಕೆ ಏರಿಸಿ. ಇಲ್ಲದಿದ್ದರೆ ಕಾಜಾಣದ ಜಾಗದಲ್ಲಿ ಇದ್ದಿಲಿನ ತುಂಡು ಸಿಗುತ್ತದೆ. ಬೆಳ್ಳಕ್ಕಿ ಹತ್ತಿರ ಬಂದು ಫ್ರೇಮ್ ತುಂಬಿಕೊಂಡರೆ ಮತ್ತೆ ಲೆಕ್ಕ ಬದಲಾಗುತ್ತದೆ, ಮೈನಸ್ ತೆಗೆಯಬೇಕು. ಕ್ಯಾಮೆರಾದಲ್ಲಿ ಹೈಲೈಟ್ ಎಚ್ಚರಿಕೆ ಆನ್ ಮಾಡಿಡಿ. ಸುಟ್ಟ ಬಿಳಿ ಪರದೆಯ ಮೇಲೆ ಮಿಣಮಿಣ ಅನ್ನುತ್ತದೆ. ಕಂಡ ತಕ್ಷಣ ಇಳಿಸಿ, ಇನ್ನೊಂದು ತೆಗೆಯಿರಿ.

ಲೆನ್ಸಿಗಿಂತ ಕಾಲು ಮುಖ್ಯ

ಬೆಳಕು ನಿಮ್ಮ ಬೆನ್ನಿಗೆ ಬರಬೇಕು. ನಿಮ್ಮ ನೆರಳು ಹಕ್ಕಿಯ ಕಡೆ ತೋರಿಸುತ್ತಿದ್ದರೆ ಸರಿಯಾಗಿ ನಿಂತಿದ್ದೀರಿ. ಕೆರೆಯ ಯಾವ ದಂಡೆ ಬೆಳಿಗ್ಗೆಗೆ, ಯಾವುದು ಸಂಜೆಗೆ ಅಂತ ಒಂದೇ ಸುತ್ತಿನಲ್ಲಿ ಗೊತ್ತಾಗುತ್ತದೆ. ಬಿಸಿಲು ಹುಟ್ಟಿದ ಮೇಲಿನ ಎರಡು ಗಂಟೆ ಚಿನ್ನ. ಒಂಬತ್ತಾದ ಮೇಲೆ ನೀರಿನ ಮೇಲೆ ಝಳ ಏಳುತ್ತದೆ. ದೂರದ ಹಕ್ಕಿ ಕಣ್ಣಿಗೆ ಚೆನ್ನಾಗೇ ಕಂಡರೂ ಫೋಟೋದಲ್ಲಿ ಮೆತ್ತಗಾಗುತ್ತದೆ. ನಾನು ಇದು ಗೊತ್ತಿಲ್ಲದೆ ಲೆನ್ಸು ಕೆಟ್ಟಿದೆ ಅಂತ ಎರಡು ಸಲ ರಿಪೇರಿಗೆ ಹೊತ್ತುಕೊಂಡು ಹೋಗಿದ್ದೆ. ಎರಡು ಸಲವೂ ಏನೂ ಆಗಿಲ್ಲ ಅಂತ ವಾಪಸ್ ಕೊಟ್ಟರು. ಕೆಟ್ಟಿದ್ದದ್ದು ನನ್ನ ಅಲಾರಾಂ, ನಾನು ಹೋಗ್ತಿದ್ದದ್ದೇ ಹತ್ತು ಗಂಟೆಗೆ.

ಇನ್ನು ಎತ್ತರ. ನಿಂತು ತೆಗೆದರೆ ನೆಲದ ಮೇಲಿನ ಟಿಟ್ಟಿಭದ ಬೆನ್ನು ಸಿಗುತ್ತದೆ. ಕೂತು ತೆಗೆದರೆ ಮುಖ ಸಿಗುತ್ತದೆ. ಮಲಗಿ ತೆಗೆದರೆ ಅದರ ಹಿಂದಿನ ಹುಲ್ಲೆಲ್ಲ ಕರಗಿ ಹಸಿರು ಪರದೆ ಆಗುತ್ತದೆ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಎಷ್ಟು ಇಳಿಯಲು ಆಗುತ್ತದೋ ಅಷ್ಟು ಇಳಿಯಿರಿ. ಪ್ಯಾಂಟು ಒಗೆದರೆ ಹೋಗುತ್ತದೆ.

ಈಗ ಆ ಕೊಂಬಿನ ವಿಷಯ. ಹಕ್ಕಿ ನಿಮಗೆ ಹತ್ತಿರ, ಹಿಂದಿನ ಮರ ಅದಕ್ಕಿಂತ ದೂರ. ನೀವು ಒಂದೇ ಹೆಜ್ಜೆ ಬಲಕ್ಕೆ ಸರಿದರೆ ಹಕ್ಕಿ ಫ್ರೇಮಿನಲ್ಲಿ ಅಲ್ಲೇ ಇರುವ ಹಾಗೆ ಹಿಡಿದುಕೊಳ್ಳಬಹುದು, ಹಿಂದಿನ ಕಡ್ಡಿ ಮಾತ್ರ ಜರುಗಿ ಬೇರೆ ಕಡೆ ಹೋಗುತ್ತದೆ. ಕೆಲವೊಮ್ಮೆ ಮಂಡಿ ಬಗ್ಗಿಸಿದರೂ ಸಾಕು. ಆದರೆ ಇದನ್ನು ನೋಡಬೇಕು ಅಂದರೆ ಕಣ್ಣು ಹಕ್ಕಿಯನ್ನು ಬಿಟ್ಟು ಅದರ ಸುತ್ತ ಹೋಗಬೇಕು. ನಾನು ಮಾಡಿಕೊಂಡ ಅಭ್ಯಾಸ ಇಷ್ಟು: ಮೊದಲ ನಾಲ್ಕೈದು ಫೋಟೋ ಆಸೆ ತೀರಲಿ ಅಂತ. ಆಮೇಲೆ ಬೆರಳು ತೆಗೆದು, ಫ್ರೇಮಿನ ನಾಲ್ಕೂ ಅಂಚಿನಲ್ಲಿ ಒಂದು ಸುತ್ತು ಕಣ್ಣು ಹಾಯಿಸೋದು. ತಲೆಯ ಹಿಂದೆ ಏನಿದೆ, ಮೂಲೆಯಲ್ಲಿ ಪ್ಲಾಸ್ಟಿಕ್ ಕವರ್ ಇದೆಯಾ, ರೆಕ್ಕೆಯ ತುದಿ ಹೊರಗೆ ಹೋಗಿದೆಯಾ. ಆಮೇಲೆ ಒಂದು ಹೆಜ್ಜೆ.

ರಂಗನತಿಟ್ಟಿನಲ್ಲಿ ಈ ಹೆಜ್ಜೆ ಹಾಕಲು ಆಗೋದಿಲ್ಲ, ದೋಣಿಯಲ್ಲಿ ಕೂತಿರುತ್ತೀರಿ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲೇ ಪಕ್ಷಿಧಾಮವಾದ ಜಾಗ ಅದು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕಾನ್) ಅಷ್ಟು ಹತ್ತಿರದಿಂದ ಸಿಗೋದು ಕಡಿಮೆ. ಅಲ್ಲಿ ಟ್ರೈಪಾಡ್ ಬಿಡಿ, ದೋಣಿಯ ನಡುಕ ಅದರ ಮೂಲಕ ಲೆನ್ಸಿಗೇ ಹತ್ತುತ್ತದೆ. ಕೈಯಲ್ಲಿ ಹಿಡಿದು ಶಟರ್ 1/1600ಕ್ಕೆ ಏರಿಸಿ. ಹುಟ್ಟು ಹಾಕುವವರು ದಿನಾ ಆ ಹಕ್ಕಿಗಳನ್ನು ನೋಡುವವರು. ಅವರಿಗೆ "ಅಣ್ಣ, ಸ್ವಲ್ಪ ಆ ಕಡೆಯಿಂದ ಬರೋಣ್ವಾ, ಬಿಸಿಲು ಎದುರಿಗೆ ಹೊಡೀತಿದೆ" ಅಂತ ಕೇಳಿ. ಒಳ್ಳೇ ಕೋನ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಕೆ.ಆರ್.ಎಸ್.ನಿಂದ ನೀರು ಜಾಸ್ತಿ ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ವಿಚಾರಿಸಿಕೊಂಡು ಹೋಗಿ.

ಗೂಡಿನ ಹತ್ತಿರ ಬೇಡ

ಇದರಲ್ಲಿ ರಾಜಿ ಇಲ್ಲ. ನೀವು ಹತ್ತಿರ ನಿಂತಷ್ಟು ಹೊತ್ತು ತಾಯಿ ಹಕ್ಕಿ ಗೂಡಿಗೆ ಬರೋದಿಲ್ಲ. ಗೂಡು ಎಲ್ಲಿದೆ ಅಂತ ತಿಳಿಯಲು ಕಾಗೆ ನಿಮ್ಮನ್ನು ನೋಡುತ್ತಿರುತ್ತದೆ. ಫೋಟೋಗೆ ಅಡ್ಡ ಅಂತ ಎಲೆ ಕಿತ್ತರೆ ಮರಿಗೆ ಬಿಸಿಲೂ ಬೀಳುತ್ತದೆ, ವೈರಿಯ ಕಣ್ಣೂ ಬೀಳುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯೋದೂ ಬೇಡ. ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂತ ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮಾತು ಬೇರೆ. ಅಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳೇ ಊರ ಮಧ್ಯದ ಮರಗಳಿಗೆ ಬಂದು ಗೂಡು ಕಟ್ಟಿವೆ, ಕೆಳಗೆ ಎತ್ತಿನ ಗಾಡಿ ಹೋದರೂ ಕದಲೋದಿಲ್ಲ. ಅಲ್ಲೂ ಬೀದಿಯಿಂದ ತೆಗೆಯಿರಿ, ಯಾರದೋ ಮಾಳಿಗೆ ಹತ್ತುವ ಮೊದಲು ಮನೆಯವರನ್ನು ಕೇಳಿ.

ನಲವತ್ತರಲ್ಲಿ ಮೂರು

ಮನೆಗೆ ಬಂದ ತಕ್ಷಣ ಆರಿಸಲು ಕೂರಬೇಡಿ. ಆಗ ಎಲ್ಲವೂ ಚೆಂದ ಕಾಣುತ್ತವೆ. ಎರಡು ದಿನ ಬಿಡಿ. ಆಮೇಲೆ ಕಣ್ಣು ಮಸುಕಾದವನ್ನು ಮೊದಲು ತೆಗೆಯಿರಿ, ಉಳಿದದ್ದರಲ್ಲಿ ಒಂದೇ ತರದವು ಇದ್ದರೆ ಒಂದನ್ನು ಇಟ್ಟುಕೊಳ್ಳಿ. ಕೊನೆಗೆ ಮೂರು ಉಳಿಯಬೇಕು. ಮೂವತ್ತು ತೋರಿಸಿದರೆ ಯಾವ ಸ್ನೇಹಿತನೂ ನಿಜ ಹೇಳುವುದಿಲ್ಲ, ಸುಸ್ತಾಗಿ "ಎಲ್ಲಾ ಸೂಪರ್" ಅಂತಾನೆ.

ಯಾರಿಗೆ ತೋರಿಸಬೇಕು

ಕಲಿಸುವವರ ಪಕ್ಕ ಕೂತು ಕಲಿಯೋದು ನಮ್ಮಲ್ಲಿ ಹೊಸದೇನಲ್ಲ. ಬೆಂಗಳೂರಿನ ದೊಡ್ಡ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರು ಓ.ಸಿ. ಎಡ್ವರ್ಡ್ಸ್ ಅವರಿಂದ ಕಲಿತವರು. ಆಮೇಲೆ ತಾವೇ ಬಹಳ ಜನ ಕಿರಿಯರಿಗೆ ಹೇಳಿಕೊಟ್ಟರು. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕೂಟಗಳೂ ಇವೆ. ಅಂಥದ್ದು ಹತ್ತಿರ ಇದ್ದರೆ ಹೋಗಿ. ಇಲ್ಲದಿದ್ದರೆ ಮೂರು ಜನ ಸಾಕು.

ನನ್ನ ಮೂವರು ಹೀಗಿದ್ದಾರೆ. ಒಬ್ಬರು ಮೇಷ್ಟ್ರು. ಅವರಿಗೆ ಹಕ್ಕಿ ಗೊತ್ತಿಲ್ಲ, ಕ್ಯಾಮೆರಾ ಗೊತ್ತಿಲ್ಲ, ಚಿತ್ರ ಗೊತ್ತು. ಇನ್ನೊಬ್ಬ ನನ್ನ ಕಾಲೇಜು ಗೆಳೆಯ, ಹಕ್ಕಿ ನೋಡುವ ಹುಚ್ಚಿನವನು. "ಇದು ಮರಿ ಕಣೋ, ಕುತ್ತಿಗೆ ಬಣ್ಣ ನೋಡು, ಇನ್ನೂ ತಿಳಿಯಾಗಿದೆ" ಅಂತ ಅವನು ಹೇಳಿದ ಮೇಲೆ ಫೋಟೋಗೆ ಬೇರೆಯೇ ಅರ್ಥ ಬರುತ್ತದೆ. ಮೂರನೆಯವರು ನಮ್ಮಮ್ಮ. ಅಮ್ಮನ ವಿಮರ್ಶೆ ಒಂದೇ ಸಾಲು: "ಹಕ್ಕಿ ಎಲ್ಲೋ?" ಅಮ್ಮ ಹಾಗೆ ಕೇಳಿದ ಫೋಟೋವನ್ನು ನಾನು ಇನ್ನೊಬ್ಬರಿಗೆ ತೋರಿಸೋದಿಲ್ಲ.

ವಾಟ್ಸಾಪಿನಲ್ಲಿ ಕಳಿಸೋದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಫೈಲನ್ನು ಹಿಂಡಿ ಸಣ್ಣದು ಮಾಡುತ್ತದೆ. ಗರಿ ಸ್ಪಷ್ಟ ಇಲ್ಲ ಅಂತ ಅವರು ಅಂದರೆ ತಪ್ಪು ನಿಮ್ಮದೋ ವಾಟ್ಸಾಪಿನದೋ ಗೊತ್ತಾಗೋದಿಲ್ಲ. ಕ್ರಾಪ್ ಮಾಡಿದ್ದರ (ಅಂಚು ಕತ್ತರಿಸಿದ್ದರ) ಜೊತೆ ಕ್ರಾಪ್ ಮಾಡದ ಮೂಲವನ್ನೂ ಕಳಿಸಿ. ಶಟರ್, ಅಪರ್ಚರ್, ಐಎಸ್‌ಓ, ಹೊತ್ತು ಒಂದು ಸಾಲಿನಲ್ಲಿ ಬರೆಯಿರಿ.

"ಹೇಗಿದೆ?" ಅಂತ ಮಾತ್ರ ಕೇಳಬೇಡಿ. ಅದಕ್ಕೆ "ಚೆನ್ನಾಗಿದೆ" ಅನ್ನೋದು ಬಿಟ್ಟು ಬೇರೆ ಉತ್ತರ ನಮ್ಮ ಕಡೆ ಇಲ್ಲ. ಮದುವೆ ಊಟದಲ್ಲಿ "ಊಟ ಹೇಗಿತ್ತು" ಅಂದ ಹಾಗೆ ಅದು. ಉತ್ತರ ತಪ್ಪಿಸಿಕೊಳ್ಳಲು ಆಗದ ಪ್ರಶ್ನೆ ಕೇಳಿ: ಮೊದಲು ನಿಮ್ಮ ಕಣ್ಣು ಎಲ್ಲಿಗೆ ಹೋಯ್ತು? ಏನನ್ನು ತೆಗೆದುಹಾಕಿದರೆ ಇದು ಇನ್ನೂ ಚೆನ್ನಾಗಿರುತ್ತೆ? ಈ ಮೂರರಲ್ಲಿ ಒಂದನ್ನು ಬಿಸಾಡಬೇಕು ಅಂದರೆ ಯಾವುದು? ಮೂರನೇ ಪ್ರಶ್ನೆಗೆ ಬರುವ ಉತ್ತರ ಸ್ವಲ್ಪ ಚುಚ್ಚುತ್ತದೆ, ಕೆಲಸಕ್ಕೂ ಬರುತ್ತದೆ.

ಅವರು ಹೇಳುವಾಗ ಬಾಯಿ ಮುಚ್ಚಿಕೊಂಡಿರೋದು ಎಲ್ಲಕ್ಕಿಂತ ಕಷ್ಟ. "ಆ ಕಡೆ ಕೆಸರಿತ್ತು, ಹೋಗೋಕಾಗ್ಲಿಲ್ಲ", "ಅಷ್ಟರಲ್ಲಿ ಹಾರಿಬಿಡ್ತು" ಅಂತ ನಾಲಿಗೆ ತುದಿಗೆ ಬರುತ್ತದೆ. ಆ ಕೆಸರು ಫೋಟೋದಲ್ಲಿ ಇಲ್ಲ. ಸುಮ್ನೆ ಬರೆದುಕೊಳ್ಳಿ. ನನ್ನ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಎಡಪುಟದಲ್ಲಿ ಫೋಟೋದ ದಿನಾಂಕ, ಹಕ್ಕಿ, ಸೆಟ್ಟಿಂಗ್. ಬಲಪುಟದಲ್ಲಿ ಅವರು ಹೇಳಿದ್ದು, ಅವರ ಮಾತಿನಲ್ಲೇ. ಆರೇಳು ವಾರ ಆದ ಮೇಲೆ ಹಿಂದಕ್ಕೆ ತಿರುವಿದಾಗ ನನ್ನ ರೋಗ ಗೊತ್ತಾಯ್ತು. "ಹಿಂದೆ ಗಲಾಟೆ" ಅನ್ನೋ ಮಾತು ಐದು ಕಡೆ ಇತ್ತು. ಫೋಕಸ್ ಬಗ್ಗೆ ಒಂದೇ ಒಂದು. ನಾನೋ ಅಷ್ಟು ದಿನ ಫೋಕಸ್ ಬಗ್ಗೆಯೇ ವಿಡಿಯೋ ನೋಡ್ತಾ ಕೂತಿದ್ದೆ.

ಒಬ್ಬರು ಒಂದು ಹೇಳಿ ಇನ್ನೊಬ್ಬರು ಬೇರೆ ಹೇಳಿದರೆ? ಹಕ್ಕಿ ಚಿಕ್ಕದಾಯ್ತು ಅಂತ ಗೆಳೆಯ ಅಂದ, ಅಷ್ಟು ನೀರು ಇರಲಿ ಅಂತ ಮೇಷ್ಟ್ರು ಅಂದರು. ಅಂಥದ್ದು ರುಚಿಯ ಮಾತು, ನಿಮಗೆ ಸರಿ ಕಂಡದ್ದು ಮಾಡಿ. ಇಬ್ಬರೂ ಒಂದೇ ಕಡೆ ಬೆರಳಿಟ್ಟರೆ ಮಾತ್ರ ವಾದ ಬೇಡ.

ನೀವು ಹೇಳಬೇಕಾದಾಗ

ಇನ್ನೊಬ್ಬರ ಫೋಟೋ ನಿಮ್ಮ ಮುಂದೆ ಬಂದಾಗ ಹತ್ತು ತಪ್ಪು ಕಾಣುತ್ತವೆ. ಒಂದೇ ಹೇಳಿ. ಅದೂ ಮುಂದಿನ ವಾರ ಅವರು ತಿದ್ದಿಕೊಳ್ಳಲು ಆಗುವಂಥದ್ದು. "ಇದಕ್ಕೆ 600 ಲೆನ್ಸ್ ಬೇಕಿತ್ತು" ಅನ್ನೋದು ಸಲಹೆ ಅಲ್ಲ, ಅವರ ಜೇಬಿಗೆ ಕತ್ತರಿ. "ಮಂಡಿ ಊರಿ ತೆಗೆದಿದ್ದರೆ ಹಿಂದಿನ ರಸ್ತೆ ಮರೆಯಾಗ್ತಿತ್ತು" ಅಂದರೆ ಅವರು ನಾಳೆಯೇ ಮಾಡಿ ನೋಡುತ್ತಾರೆ. ಚೆನ್ನಾಗಿದ್ದದ್ದನ್ನೂ ಗುರುತು ಹಿಡಿದು ಹೇಳಿ: ಕಣ್ಣಲ್ಲಿ ಬೆಳಕಿನ ಚುಕ್ಕೆ ಬಿದ್ದಿದೆ, ಹಕ್ಕಿ ನೋಡುವ ಕಡೆ ಜಾಗ ಬಿಟ್ಟಿದ್ದೀರಿ. ಬರೀ "ಸೂಪರ್" ಅಂದರೆ ಮುಂದಿನ ಸಲ ಏನನ್ನು ಉಳಿಸಿಕೊಳ್ಳಬೇಕು ಅಂತ ಅವರಿಗೆ ತಿಳಿಯೋದಿಲ್ಲ. ಹಿರಿಯರ ಫೋಟೋ ಆದರೆ ಪ್ರಶ್ನೆಯ ಹಾಗೆ ಕೇಳಬಹುದು: "ಸಾರ್, ಇದನ್ನ ಸ್ವಲ್ಪ ಎಡದಿಂದ ತೆಗೆದದ್ದೂ ಇದೆಯಾ?" ಅವರಿಗೆ ಅರ್ಥ ಆಗುತ್ತದೆ.

ಕಂಪ್ಯೂಟರಿನಲ್ಲಿ ಎಷ್ಟು ತಿದ್ದಬಹುದು

ಬೆಳಕು ಹೆಚ್ಚುಕಡಿಮೆ ಮಾಡೋದು, ಕ್ರಾಪ್, ಕಾಳು ತೆಗೆಯೋದು, ಒಂಚೂರು ಶಾರ್ಪ್ ಮಾಡೋದು, ಇಷ್ಟು ಸರಿ. 24 ಮೆಗಾಪಿಕ್ಸೆಲ್ ಫೋಟೋವನ್ನು ಉದ್ದಗಲ ಎರಡರಲ್ಲೂ ಅರ್ಧಕ್ಕೆ ಕತ್ತರಿಸಿದರೆ ಉಳಿಯೋದು ಆರೇ ಮೆಗಾಪಿಕ್ಸೆಲ್. ಮೊಬೈಲಿಗೆ ಸಾಕು, ಗೋಡೆಗೆ ಹಾಕಲು ಯೋಚಿಸಬೇಕು.

ಆ ಕೊಂಬನ್ನು ಅಳಿಸಿಬಿಟ್ಟರೆ ಆಯ್ತಲ್ಲ ಅಂತ ನೀವು ಕೇಳಬಹುದು. ಮೊಬೈಲಲ್ಲೇ ಎರಡು ಸೆಕೆಂಡಿನ ಕೆಲಸ. ಮನೆಯ ಗೋಡೆಗೆ ನಿಮ್ಮಿಷ್ಟ. ಸ್ಪರ್ಧೆಗೆ ಕಳಿಸೋದಾದರೆ ನಡೆಯೋದಿಲ್ಲ. ಫೋಟೋಗ್ರಾಫರುಗಳ ಸಂಘಗಳಾದ ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ಆರ್‌ಪಿಎಸ್ ಮತ್ತು ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್ ಮೂರೂ ಸೇರಿ 2014ರಲ್ಲಿ ಒಪ್ಪಿಕೊಂಡ ನೇಚರ್ ವಿಭಾಗದ ನಿಯಮದಂತೆ ಚಿತ್ರದಲ್ಲಿ ಏನನ್ನೂ ಸೇರಿಸುವಂತಿಲ್ಲ, ಜರುಗಿಸುವಂತಿಲ್ಲ. ತೆಗೆಯೋದಾದರೆ ಕ್ರಾಪ್ ಮಾಡಿ ಮಾತ್ರ ತೆಗೆಯಬೇಕು. ನನ್ನ ತಕರಾರು ಅದಕ್ಕಿಂತ ಚಿಕ್ಕದು. ಅಳಿಸಿದರೆ ಆ ಒಂದು ಫೋಟೋ ಸರಿಹೋಗುತ್ತದೆ, ನಾನು ಮುಂದಿನ ವಾರವೂ ಅಲ್ಲೇ ನಿಂತಿರುತ್ತೇನೆ.

ಮತ್ತೆ ಅದೇ ಕೊಂಬೆಗೆ

ನೋಟ್‌ಬುಕ್ಕಿನಿಂದ ಒಂದೇ ಸಾಲು ಆರಿಸಿಕೊಂಡು ಹೋಗಿ. ಒಂದು ವಾರಕ್ಕೆ ಒಂದು ತಿದ್ದುಪಡಿ. ನನ್ನ ಆ ವಾರದ ಸಾಲು "ತಲೆಯ ಹಿಂದೆ ಏನಿದೆ". ಶಟರ್, ಬೆಳಕು ಯಾವುದನ್ನೂ ಮುಟ್ಟಲಿಲ್ಲ. ಮೊದಲ ಭಾನುವಾರ ಹಾವಕ್ಕಿ ಬರಲೇ ಇಲ್ಲ, ಅದರ ಕೊಂಬೆಯಲ್ಲಿ ನೀರುಕಾಗೆ ಕೂತಿತ್ತು. ಎರಡನೇ ಭಾನುವಾರ ಬಂತು. ಎರಡು ಹೆಜ್ಜೆ ಎಡಕ್ಕೆ ಸರಿದು, ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತೆ. ಹಿಂದಿನ ಮರ ಆಚೆ ಹೋಯ್ತು, ತಲೆಯ ಹಿಂದೆ ಬರೀ ನೀರು. ಅಷ್ಟರಲ್ಲಿ ಅದು ಮುಳುಗಿ, ಕೊಕ್ಕಿಗೆ ಚುಚ್ಚಿಕೊಂಡ ಮೀನಿನ ಜೊತೆ ವಾಪಸ್ ಬಂತು. ಮೀನನ್ನು ಮೇಲಕ್ಕೆ ಚಿಮ್ಮಿ, ತಲೆ ಕಡೆಯಿಂದ ಹಿಡಿದು ನುಂಗಿತು. ಮೀನು ಗಾಳಿಯಲ್ಲಿ ಇರುವಾಗಿನ ಒಂದು ಫೋಟೋ ಸಿಕ್ಕಿತು.

ಎರಡು ದಿನ ಕಾದೆ. ಮಂಗಳವಾರ ಸಂಜೆ ಅಮ್ಮನಿಗೆ ತೋರಿಸಿದೆ. ಹಕ್ಕಿ ಎಲ್ಲೋ ಅಂತ ಕೇಳಲಿಲ್ಲ, ಯಾವ ಮೀನೋ ಅದು ಅಂದರು. ಅಲ್ಲಿಂದ ನೇರ ಮೇಷ್ಟ್ರ ಮನೆಗೆ. ಕನ್ನಡಕ ಹಣೆಗೆ ಏರಿತು. ಬಹಳ ಹೊತ್ತು ನೋಡಿದರು.

"ಕೊಂಬು ಉದುರಿದೆ, ಒಳ್ಳೇದಾಯ್ತು. ಮೀನೂ ಚೆನ್ನಾಗಿ ಬಂದಿದೆ." ಇನ್ನೊಮ್ಮೆ ಬಗ್ಗಿ ಕೆಳಗಿನ ಅಂಚನ್ನು ನೋಡಿದರು. "ಬಾಲ ಎಲ್ಲಿಟ್ಟೆಯಪ್ಪಾ?"